ಹದಿನೇಳು ನಾಣ್ಯಕ್ಕೆ ಅರ್ಧ ಲೀಟರ್ ಅಸಿಟೋನ್

ನಾಣ್ಯದ ಆಲ್ಬಮ್ ತೆರೆದ ಕೂಡಲೇ ಹೊಸ ಮಳೆಕೋಟಿನ ವಾಸನೆ ಬಂತೆಂದರೆ ಒಳಗಿನ ನಾಣ್ಯಗಳಿಗೆ ಕೇಡು ಶುರುವಾಗಿದೆ ಎಂದುಕೊಳ್ಳಬಹುದು. ಮೆತ್ತನೆಯ ಪ್ಲಾಸ್ಟಿಕ್ ಜೇಬುಗಳಿದ್ದ ಅಂಥದೊಂದು ಆಲ್ಬಮ್‌ನಿಂದ ಬಿಡಿಸಿದ ಹದಿನೇಳು ನಾಣ್ಯಗಳನ್ನು ಎರಡು ದಿನ ಕೂತು ಶುಚಿ ಮಾಡಿದ ಕೆಲಸದ ವಿವರ ಇಲ್ಲಿದೆ.

ಬೆಳ್ಳಿಯವು ಐದು: 1862ರ ವಿಕ್ಟೋರಿಯಾ ರೂಪಾಯಿ, ಐದನೇ ಜಾರ್ಜನ 1912 ಮತ್ತು 1918ರ ರೂಪಾಯಿಗಳು, 1944ರ ಅರ್ಧ ಬೆಳ್ಳಿಯ ರೂಪಾಯಿ, 1969ರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ. ತಾಮ್ರ ಮತ್ತು ಕಂಚಿನವು ಐದು: ಆನೆ ಇರುವ ಟಿಪ್ಪುವಿನ ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸು, 1862ರ ಕಾಲಾಣೆ, 1939ರ ಕಾಲಾಣೆ, 1943ರ ತೂತು ಕಾಸು. ಉಳಿದವು 1947ರ ನಿಕ್ಕಲ್ ರೂಪಾಯಿ, 1975ರ ತಾಮ್ರ-ನಿಕ್ಕಲ್ ರೂಪಾಯಿ, ಕಮಲದ 20 ಪೈಸೆ, ಅಲ್ಯೂಮಿನಿಯಂನ 3 ಪೈಸೆ ಮತ್ತು 10 ಪೈಸೆ, ಘೇಂಡಾಮೃಗದ ಸ್ಟೀಲ್ 25 ಪೈಸೆ, ಜೊತೆಗೆ ಕಂಠೀರಾಯ ಹಣ ಎಂಬ ಒಂದು ಪುಟ್ಟ ಹಳೆಯ ನಾಣ್ಯ, ಅದು ಚಿನ್ನ.

ಶುಚಿಗೆ ಬಳಸಿದ್ದು ಅಸಿಟೋನ್ ಮತ್ತು ಜೈಲೀನ್ ಎಂಬ ಎರಡು ದ್ರಾವಕಗಳು, ಅಂದರೆ ಜಿಡ್ಡು ಕರಗಿಸುವ ದ್ರವಗಳು. ಅವುಗಳಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಅಸಿಟೋನ್ ಆಗಲಿ ಜೈಲೀನ್ ಆಗಲಿ ಲೋಹದ ತಂಟೆಗೆ ಹೋಗುವುದಿಲ್ಲ. ಎಣ್ಣೆ, ಮೇಣ, ಗೋಂದು, ಪ್ಲಾಸ್ಟಿಕ್ ಜಿಡ್ಡು, ಹೀಗೆ ಹೊರಗಿನಿಂದ ಬಂದು ನಾಣ್ಯದ ಮೇಲೆ ಕೂತದ್ದನ್ನು ಮಾತ್ರ ಕರಗಿಸುತ್ತವೆ. ಬೆಳ್ಳಿಯ ಮೇಲಿನ ಕಪ್ಪು, ತಾಮ್ರದ ಕಂದು, ಕಿಲುಬು, ಕಬ್ಬಿಣದ ತುಕ್ಕು ಇವೆಲ್ಲ ಲೋಹವೇ ಬದಲಾಗಿ ಆದವು. ಅವನ್ನು ತೆಗೆಯುವುದೆಂದರೆ ನಾಣ್ಯವನ್ನೇ ಅಷ್ಟು ತೆಗೆದ ಹಾಗೆ. ಆದ್ದರಿಂದ ಕಪ್ಪಗಿದ್ದ ರೂಪಾಯಿ ಅಸಿಟೋನ್‌ನಿಂದ ಹೊರಬಂದ ಮೇಲೂ ಕಪ್ಪಗೇ ಇರುತ್ತದೆ, ಇರಲೂ ಬೇಕು. ಹುಣಸೆಹಣ್ಣು, ನಿಂಬೆಹಣ್ಣು, ವಿಭೂತಿ, ಹಲ್ಲುಪುಡಿ, ಹಿತ್ತಾಳೆ ಬೆಳಗುವ ಪುಡಿ ಹಾಕಿ ತಿಕ್ಕಿದ ನಾಣ್ಯ ದೀಪದ ಕಂಬದಂತೆ ಹೊಳೆದೀತು. ಆದರೆ ಬಲ್ಲವರು ಭೂತಗನ್ನಡಿ ಹಿಡಿದ ಮರುಕ್ಷಣ ಅದರ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ.

ಮೊದಲ ದಿನದ ಬೆಳಗ್ಗೆ ಪೂರ್ತಿ ನೋಡುವುದರಲ್ಲೇ ಹೋಯಿತು. ಪ್ರತಿ ನಾಣ್ಯದ ಎರಡೂ ಮುಖಗಳ ಫೋಟೋ ತೆಗೆದು, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಂಡೆವು. ಆಮೇಲೆ ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸು ಹಿಡಿದು, ದೀಪವನ್ನು ಪಕ್ಕದಿಂದ ಓರೆಯಾಗಿ ಬಿಟ್ಟು, ಮೇಲೆ ಏನಿದೆ ಎಂದು ಗುರುತಿಸಿದೆವು. ನೇರ ಬೆಳಕಿನಲ್ಲಿ ಜಿಡ್ಡು ಕಣ್ಣಿಗೆ ಬೀಳುವುದೇ ಇಲ್ಲ.

ಹಸಿರೆಲ್ಲ ಒಂದೇ ಅಲ್ಲ. ಪ್ಲಾಸ್ಟಿಕ್ಕಿನಿಂದ ಬಂದ ಹಸಿರು ಒದ್ದೆ ಒದ್ದೆಯಾಗಿ ಮಿನುಗುತ್ತದೆ, ಮರದ ಹಲ್ಲುಕಡ್ಡಿಯ ತುದಿ ತಾಗಿಸಿದರೆ ಗೋಂದಿನಂತೆ ಎಳೆ ಬರುತ್ತದೆ. ಕಿಲುಬು ಒಣಗಿ ಮಂಕಾಗಿರುತ್ತದೆ, ಕಡ್ಡಿಗೆ ಅಂಟುವುದಿಲ್ಲ. ತಿಳಿಹಸಿರು ಪುಡಿ ಉದುರಿದರೆ ಅದು ಮೂರನೆಯ ಜಾತಿ, ಅದರ ಮಾತು ಮುಂದೆ ಬರುತ್ತದೆ. ಆಲ್ಬಮ್‌ನ ಜೇಬುಗಳು ಪಿ.ವಿ.ಸಿ.ಯವು. ಪಿ.ವಿ.ಸಿ. ತಾನಾಗಿ ಗಟ್ಟಿ ಪ್ಲಾಸ್ಟಿಕ್. ಅದನ್ನು ಮೆತ್ತಗೆ ಮಾಡಲು ಬೆರೆಸಿದ ಎಣ್ಣೆಯಂಥ ಥ್ಯಾಲೇಟ್ ವರ್ಷಗಳು ಕಳೆದಂತೆ ಹೊರಗೆ ಜಿನುಗಿ ನಾಣ್ಯಕ್ಕೆ ಮೆತ್ತುತ್ತದೆ. ಜೊತೆಗೆ ಪಿ.ವಿ.ಸಿ. ನಿಧಾನವಾಗಿ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ, ಗಾಳಿಯ ತೇವ ಸೇರಿದರೆ ಅದೇ ಆಮ್ಲ. ಆ ಆಮ್ಲ ತಾಮ್ರವನ್ನು ತಿಂದಾಗ ಜಿಡ್ಡಿಗೆ ಹಸಿರು ಬಣ್ಣ ಬರುತ್ತದೆ. ಅಂದರೆ ಕಾಣುವ ಹಸಿರು ಪ್ಲಾಸ್ಟಿಕ್ಕಿನದಲ್ಲ, ನಾಣ್ಯದ್ದೇ ತಾಮ್ರ. ಹಳೆಯ ಬೆಳ್ಳಿ ರೂಪಾಯಿಯಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಬೆಳ್ಳಿ ನಾಣ್ಯವೂ ಹಸಿರಾಗುವುದು ಹೀಗೆ.

ಇನ್ನು ಸಾಮಾನು. ಅಸಿಟೋನ್ ಅಂದರೆ ಲ್ಯಾಬ್ ಕೆಮಿಕಲ್ ಮಾರುವ ಅಂಗಡಿಯ ಗಾಜಿನ ಬಾಟಲಿಯದು, ಶೇ. 99ಕ್ಕಿಂತ ಹೆಚ್ಚು ಶುದ್ಧ ಎಂದು ಲೇಬಲ್ಲಿನಲ್ಲಿ ಬರೆದಿರುವುದು, 500 ಮಿ.ಲೀ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ನೀರು, ಎಣ್ಣೆ, ಬಣ್ಣ, ಪರಿಮಳ ಎಲ್ಲ ಬೆರೆತಿರುತ್ತವೆ, ಅದು ಬೇಡ. ಪೇಂಟ್ ಅಂಗಡಿಯ ಥಿನ್ನರ್ ಹಲವು ದ್ರಾವಕಗಳ ಮಿಶ್ರಣ, ಒಳಗೆ ಏನಿದೆ ಎಂದು ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಸೀಮೆಎಣ್ಣೆ ತನ್ನದೇ ಜಿಡ್ಡು ಬಿಟ್ಟು ಹೋಗುತ್ತದೆ. ಸ್ಯಾನಿಟೈಸರ್‌ನಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ಬಾಟಲಿಯ ಮೇಲೆ ಏನೇ ಬರೆದಿರಲಿ, ತೊಳೆದು ಒಣಗಿಸಿದ ಕನ್ನಡಿಯ ಮೇಲೆ ಎರಡು ಹನಿ ಹಾಕಿ ಆರಲು ಬಿಡಬೇಕು. ಉಂಗುರದಂಥ ಕಲೆ ಉಳಿದರೆ ಆ ಅಸಿಟೋನ್ ನಾಣ್ಯಕ್ಕಲ್ಲ. ಒಂದು ನಿಮಿಷದ ಪರೀಕ್ಷೆ, ಯಾರೂ ಮಾಡುವುದಿಲ್ಲ.

ಜೈಲೀನ್ 250 ಮಿ.ಲೀ. ಸಾಕಾಯಿತು. ಮೇಣ, ತುಪ್ಪ, ಟೇಪಿನ ಹಳೆಯ ಅಂಟಿಗೆ ಅಸಿಟೋನ್‌ಗಿಂತ ಅದೇ ಚುರುಕು. ನೀರಿಗೆ ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರಿನ ಐದು ಲೀಟರ್ ಕ್ಯಾನ್. ಅದೂ ಬೇರೇನೂ ಬೆರೆಸದ, ಖನಿಜ ತೆಗೆದ ನೀರೇ ಆಗಿರಬೇಕು, ಬ್ಯಾಟರಿಗೆ ಹಾಕುವ ಆಸಿಡ್ ಅಲ್ಲ. ಕೊಳವೆಬಾವಿ ನೀರಿನಲ್ಲಿ ಸುಣ್ಣ, ನಲ್ಲಿ ನೀರಿನಲ್ಲಿ ಕ್ಲೋರಿನ್. ಎರಡೂ ಒಣಗಿದ ಮೇಲೆ ಕಲೆ ಬಿಡುತ್ತವೆ.

ಪಾತ್ರೆಗಳು ಗಾಜಿನವೇ ಆಗಬೇಕು. ಅಂಗೈಯಗಲದ, ಸಮತಟ್ಟಾದ ತಳದ ಮೂರು ಗಾಜಿನ ಬಟ್ಟಲುಗಳಿಗೆ 1, 2, 3 ಎಂದು ಗುರುತು ಹಾಕಿದ್ದೆವು, ಮುಚ್ಚಲು ಗಾಜಿನ ತಟ್ಟೆ. ಪಾರದರ್ಶಕ ಪ್ಲಾಸ್ಟಿಕ್ ಲೋಟಕ್ಕೆ ಅಸಿಟೋನ್ ಹಾಕಿದರೆ ಲೋಟವೇ ಕರಗಿ ನಾಣ್ಯಕ್ಕೆ ಹೊಸ ಪ್ಲಾಸ್ಟಿಕ್ ಲೇಪವಾಗುತ್ತದೆ. ನಾಣ್ಯ ಹಿಡಿಯುವ ಚಿಮುಟದ ತುದಿಗೆ ಹಾಕಿರುವ ಮೆತ್ತನೆಯ ಕವಚವೂ ಬಹಳ ಸಲ ಪಿ.ವಿ.ಸಿ.ಯೇ. ಗಾಳಿಯಲ್ಲಿ ನಾಣ್ಯ ಎತ್ತಲು ಅದು ಒಳ್ಳೆಯದು, ಅಸಿಟೋನ್ ಒಳಗೆ ಅದ್ದಿದರೆ ಯಾವ ಕಾಯಿಲೆಗೆ ಮದ್ದು ಮಾಡುತ್ತಿದ್ದೇವೋ ಅದನ್ನೇ ಮತ್ತೆ ಅಂಟಿಸಿದ ಹಾಗೆ. ಬಿದಿರಿನ ಚಿಮುಟ ಬಳಸಿದೆವು. ಕೈಗವಸಿನ ವಿಷಯದಲ್ಲೂ ಎಚ್ಚರ ಬೇಕು. ಆಸ್ಪತ್ರೆಯಲ್ಲಿ ಹಾಕುವ ನೀಲಿ ನೈಟ್ರೈಲ್ ಗವಸು ಅಸಿಟೋನ್ ತಗುಲಿದರೆ ಬೇಗ ಉಬ್ಬಿ ಸಡಿಲವಾಗುತ್ತದೆ. ಬ್ಯುಟೈಲ್ ರಬ್ಬರಿನದು ತಡೆದುಕೊಳ್ಳುತ್ತದೆ. ಎಲ್ಲಕ್ಕಿಂತ ಮೇಲು, ಬೆರಳನ್ನು ದ್ರಾವಕಕ್ಕೆ ಹಾಕದಿರುವುದು.

ಕೆಲಸದ ಜಾಗ ತಾರಸಿ, ನೆರಳಿನಲ್ಲಿ. ಅಡುಗೆಮನೆ, ದೇವರಮನೆ ಇರುವ ಕಡೆ ಬೇಡವೇ ಬೇಡ. ಅಸಿಟೋನ್ 56 ಡಿಗ್ರಿಗೆ ಕುದಿಯುತ್ತದೆ, ಆದರೆ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೂ ಅದರ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಆ ಆವಿ ಗಾಳಿಗಿಂತ ಎರಡು ಪಟ್ಟು ಭಾರ, ಮೇಲೇರಿ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ಮೂಲೆಯಲ್ಲಿ ಉರಿಯುವ ಸೊಳ್ಳೆಬತ್ತಿ, ಊದುಬತ್ತಿ, ದೀಪ ಸಾಕು. ಬಾಟಲಿಯಿಂದ ಒಮ್ಮೆಗೆ 150 ಮಿ.ಲೀ.ಗಿಂತ ಹೆಚ್ಚು ಹೊರಗೆ ತೆಗೆಯಲಿಲ್ಲ, ಬಟ್ಟಲು ಹೊತ್ತಿಕೊಂಡರೆ ಮುಚ್ಚಿಬಿಡಲು ಒಂದು ಸ್ಟೀಲ್ ತಟ್ಟೆ ಕೈಗೆ ಸಿಗುವಂತೆ ಇಟ್ಟಿದ್ದೆವು. ಅಸಿಟೋನನ್ನು ಎಂದೂ ಬಿಸಿ ಮಾಡಬಾರದು. ಹೈಡ್ರೋಜನ್ ಪೆರಾಕ್ಸೈಡ್, ಬ್ಲೀಚ್ ಯಾವುದರ ಜೊತೆಗೂ ಬೆರೆಸಬಾರದು, ಪೆರಾಕ್ಸೈಡ್ ಸೇರಿದರೆ ಸಿಡಿಮದ್ದೇ ಆಗಬಹುದು. ಜೈಲೀನ್ ವಾಸನೆಗೆ ತಲೆ ಸುತ್ತುತ್ತದೆ, ಅದರ ಬಟ್ಟಲು ಯಾವಾಗಲೂ ಮುಚ್ಚಿರಲಿ.

ಮೊದಲು ಇಳಿದದ್ದು 1912ರ ರೂಪಾಯಿ, ಮೈತುಂಬ ಹಸಿರು ಜಿಡ್ಡು. ಮೊದಲ ಬಟ್ಟಲಿನಲ್ಲಿ 40 ಮಿ.ಲೀ. ಅಸಿಟೋನ್, ನಾಣ್ಯದ ಮೇಲೆ ಒಂದು ಸೆಂಟಿಮೀಟರ್ ನಿಲ್ಲುವಷ್ಟು. ಐದೇ ನಿಮಿಷಕ್ಕೆ ಅಂಚಿನಿಂದ ಸಣ್ಣ ಎಳೆಗಳು ಬಿಡತೊಡಗಿದವು. ಹತ್ತು ನಿಮಿಷಕ್ಕೆ ತಿರುಗಿಸಿ ಹಾಕಿ, ಮತ್ತೆ ಹತ್ತು ನಿಮಿಷ ಬಿಟ್ಟು, ಎರಡನೆಯ ಬಟ್ಟಲಿಗೆ ವರ್ಗಾಯಿಸಿದೆವು. ಅಲ್ಲಿ ಅರ್ಧ ಗಂಟೆ. ಕಿರೀಟದ ಗೆರೆಗಳ ನಡುವೆ ಮಾತ್ರ ಇನ್ನೂ ಹಸಿರು ಕೂತಿತ್ತು. ಹತ್ತಿಯ ಕಡ್ಡಿಯನ್ನು ಅಸಿಟೋನ್ ಒಳಗೇ ನಾಣ್ಯದ ಮೇಲೆ ಉರುಳಿಸಿದೆವು. ಉರುಳಿಸಿದೆವು, ಉಜ್ಜಲಿಲ್ಲ. ಬಿಟ್ಟುಬಂದ ಒಂದು ಮರಳಿನ ಕಣ ಹತ್ತಿಗೆ ಸಿಕ್ಕಿ ಉಜ್ಜಿದರೆ ರಾಜನ ಕೆನ್ನೆಯ ಮೇಲೆ ಕೂದಲಿನಂಥ ಗೀರು ಶಾಶ್ವತ. ಒಂದು ಉರುಳಿಗೆ ಒಂದು ಹತ್ತಿ, ಮರಳಿ ಬಳಸಲಿಲ್ಲ.

ಕೊನೆಗೆ ಮೂರನೆಯ ಬಟ್ಟಲು. ಅದರಲ್ಲಿ ಈಗಷ್ಟೇ ಸುರಿದ ಶುದ್ಧ ಅಸಿಟೋನ್, ಒಂದು ನಿಮಿಷದ ಮುಳುಗು. ಹೆಚ್ಚಿನವರು ಕೈಬಿಡುವ ಹಂತ ಇದೇ. ಅಸಿಟೋನ್ ಜಿಡ್ಡನ್ನು ಇಲ್ಲವಾಗಿಸುವುದಿಲ್ಲ, ತನ್ನೊಳಗೆ ಎಳೆದುಕೊಳ್ಳುತ್ತದೆ ಅಷ್ಟೆ. ಒಂದೇ ಬಟ್ಟಲಿನಲ್ಲಿ ಅದ್ದಿ ತೆಗೆದರೆ ನಾಣ್ಯದ ಜೊತೆ ಹೊರಬಂದ ತೆಳು ಪದರದಲ್ಲಿ ಆ ಜಿಡ್ಡೂ ಇರುತ್ತದೆ. ಅಸಿಟೋನ್ ಆರಿಹೋಗುತ್ತದೆ, ಜಿಡ್ಡು ಆರುವುದಿಲ್ಲ, ನಾಣ್ಯಕ್ಕೆಲ್ಲ ಸಮನಾಗಿ ಹರಡಿಕೊಳ್ಳುತ್ತದೆ. ‘ಅಸಿಟೋನ್ ಹಾಕಿದ ಮೇಲೆ ನಾಣ್ಯ ಮಸುಕಾಯಿತು’ ಎಂಬ ದೂರುಗಳಲ್ಲಿ ಬಹುಪಾಲು ಇದರ ಫಲ. ಸಾಲಿನಲ್ಲಿ ನಾಣ್ಯ ಮುಂದೆ ಹೋಗುತ್ತದೆ, ದ್ರಾವಕ ಹಿಂದೆ ಬರುತ್ತದೆ: ಒಂದನೆಯದು ಬಣ್ಣ ತಿರುಗಿದಾಗ ಅದನ್ನು ತ್ಯಾಜ್ಯದ ಬಾಟಲಿಗೆ ಸುರಿದು, ಎರಡನೆಯದನ್ನು ಒಂದಕ್ಕೆ, ಮೂರನೆಯದನ್ನು ಎರಡಕ್ಕೆ ಇಳಿಸಿ, ಮೂರಕ್ಕೆ ಹೊಸದು. ಹೀಗೆ ಮಾಡಿದ್ದರಿಂದಲೇ ಹದಿನೇಳು ನಾಣ್ಯಕ್ಕೆ ಅರ್ಧ ಲೀಟರ್ ಸಾಕಾಯಿತು.

ಹಸಿರು ಹೋದಲ್ಲಿ 1912ರ ರೂಪಾಯಿಯ ಮೇಲೆ ಸೂಜಿಮೊನೆಯಷ್ಟು ಮೂರು ಕುಳಿಗಳು ಕಂಡವು. ಆಮ್ಲ ತಿಂದ ಜಾಗ ಅದು, ಯಾವ ದ್ರಾವಕವೂ ತುಂಬಿಸಿಕೊಡುವುದಿಲ್ಲ.

ಆರಿಸುವುದರಲ್ಲೂ ಒಂದು ಸೂಕ್ಷ್ಮ ಇದೆ. ಅಸಿಟೋನ್ ಬೇಗ ಆರುವಾಗ ಲೋಹವನ್ನು ತಣ್ಣಗೆ ಮಾಡುತ್ತದೆ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ ತಣ್ಣಗಾದ ನಾಣ್ಯದ ಮೇಲೆ ಇಬ್ಬನಿಯಂತೆ ನೀರು ಕೂರುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ತೊಳೆದ ನಾಣ್ಯಕ್ಕೆ ಮರುದಿನ ಚುಕ್ಕೆ ಬಂತೆಂದರೆ ಕಾರಣ ಇದೇ ಇರಬಹುದು. ಒಣ ದಿನ ನೋಡಿಕೊಂಡು ಮಾಡುವುದು ಸರಿ. ಬಿಸಿಲಿನಲ್ಲಿ ಹದವಾಗಿ ಬೆಚ್ಚಗಾದ ಟೈಲ್ಸ್ ಮೇಲೆ ಒಗೆದು ಮೆತ್ತಗಾದ ಹಳೆಯ ಮಲ್ಲು ಬಟ್ಟೆ ಹಾಸಿ, ನಾಣ್ಯ ಇಟ್ಟು, ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬುರುಡೆಯಿಂದ ಗಾಳಿ ಊದಿದೆವು. ಒರೆಸಲಿಲ್ಲ. ಬಾಯಿಂದ ಊದುವುದು ಬೇಡ, ಎಂಜಲಿನ ಹನಿ ಬಿದ್ದ ಕಡೆ ಕೆಲವು ತಿಂಗಳಲ್ಲಿ ಕಪ್ಪು ಚುಕ್ಕೆ ಗ್ಯಾರಂಟಿ.

1918ರ ರೂಪಾಯಿ ಹೀಗೇ ಸುಲಭವಾಗಿ ಮುಗಿಯಿತು. ಅದರ ನೀಲಿಗಪ್ಪು ಹಾಗೇ ಉಳಿಯಿತು. ಬೆಳ್ಳಿಯ ಕಪ್ಪು ಎಂದರೆ ಗಂಧಕದೊಡನೆ ಸೇರಿದ ಬೆಳ್ಳಿ, ಸಿಲ್ವರ್ ಸಲ್ಫೈಡ್. ಅದನ್ನು ತೆಗೆಯಲು ಅಂಗಡಿಯ ಡಿಪ್, ಅಂದರೆ ಬೆಳ್ಳಿಯನ್ನು ಅದ್ದಿ ಬೆಳಗುವ ದ್ರವ, ಇದೆಯಲ್ಲ ಎನ್ನುವವರಿದ್ದಾರೆ. ಅಂಥ ದ್ರವಗಳಲ್ಲಿ ಸಾಮಾನ್ಯವಾಗಿ ಥಯೋಯೂರಿಯಾ ಮತ್ತು ಆಮ್ಲ ಇರುತ್ತವೆ, ಅದು ಕಪ್ಪಿನ ಜೊತೆ ಮೇಲಿನ ಬೆಳ್ಳಿಯನ್ನೂ ಕರಗಿಸುತ್ತದೆ. ಟಂಕಸಾಲೆಯ ಅಚ್ಚು ಬಿದ್ದಾಗ ಲೋಹ ಹರಿದು ಮೂಡಿದ ಅತಿ ಸಣ್ಣ ಗೆರೆಗಳಿಂದಲೇ ಹೊಸ ನಾಣ್ಯದ ಹೊಳಪು ಚಕ್ರದಂತೆ ತಿರುಗುತ್ತದೆ. ಆ ಗೆರೆ ಕರಗಿದರೆ ನಾಣ್ಯ ಬೆಳ್ಳಗಾದರೂ ಸತ್ತ ಬೆಳ್ಳಗೆ. ಅಲ್ಯೂಮಿನಿಯಂ ಹಾಳೆ, ಬಿಸಿನೀರು, ಅಡಿಗೆ ಸೋಡದ ಉಪಾಯ ಊಟದ ಚಮಚಕ್ಕೆ ಚೆನ್ನ. ಅಲ್ಲಿ ಕಪ್ಪು ಮರಳಿ ಬೆಳ್ಳಿಯೇ ಆಗುತ್ತದೆ ನಿಜ, ಆದರೆ ಬೂದುಬಣ್ಣದ ಒರಟು ಪದರವಾಗಿ.

1944ರ ರೂಪಾಯಿಯನ್ನು ಬೇರೆಯಾಗಿ ಹೇಳಬೇಕು. ಯುದ್ಧದ ಕಾಲದಲ್ಲಿ, 1940ರಿಂದ, ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು: 50 ಪಾಲು ಬೆಳ್ಳಿ, 40 ತಾಮ್ರ, ಐದೈದು ನಿಕ್ಕಲ್ ಮತ್ತು ಸತು. ತಾಮ್ರ ಅಷ್ಟಿರುವುದರಿಂದ ಪ್ಲಾಸ್ಟಿಕ್ಕಿನ ಆಮ್ಲ ಇದನ್ನೇ ಹೆಚ್ಚು ಕಾಡಿತ್ತು. ಹುಳಿ ಮುಟ್ಟಿಸಿದರೆ ಮೊದಲು ಕರಗುವುದು ಈ ತಾಮ್ರದ ಭಾಗ, ಮೇಲ್ಮೈ ತೇಪೆ ತೇಪೆಯಾಗಿಬಿಡುತ್ತದೆ. ಅಸಿಟೋನ್‌ನಲ್ಲಿ ರಾತ್ರಿಯಿಡೀ, ಬಟ್ಟಲಿನ ಮೇಲೆ ಗಾಜಿನ ತಟ್ಟೆ ಮುಚ್ಚಿ ಬಿಟ್ಟೆವು. ಬೆಳಗ್ಗೆ ತಳದಲ್ಲಿ ಹಸಿರು ಚೂರುಗಳು ಬಿದ್ದಿದ್ದವು.

ಗಾಂಧಿ ಹತ್ತು ರೂಪಾಯಿ 15 ಗ್ರಾಂ ತೂಕದ, 80 ಪಾಲು ಬೆಳ್ಳಿಯ ನಾಣ್ಯ. ನಮ್ಮಲ್ಲಿದ್ದದ್ದು ಕನ್ನಡಿ ಮೈಯ ಪ್ರೂಫ್, ಅಂದರೆ ಸಂಗ್ರಹಕಾರರಿಗಾಗಿ ವಿಶೇಷವಾಗಿ ಅಚ್ಚು ಹಾಕಿದ್ದು. ಇಂಥದಕ್ಕೆ ಹತ್ತಿಯನ್ನೂ ಮುಟ್ಟಿಸಬಾರದು. ಅಂಚಿನಲ್ಲಿ ಹಿಡಿದು, ಅಸಿಟೋನ್‌ನಲ್ಲಿ ನಿಲ್ಲಿಸಿ, ಮೆಲ್ಲಗೆ ಅಲುಗಾಡಿಸಿ, ಮೂರೂ ಬಟ್ಟಲು ದಾಟಿಸಿದ್ದಷ್ಟೇ.

ವಿಕ್ಟೋರಿಯಾ ರೂಪಾಯಿ ಆಲ್ಬಮ್‌ಗೆ ಬರುವ ಮೊದಲು ಎಷ್ಟೋ ವರ್ಷ ಲಕ್ಷ್ಮೀಪೂಜೆಯ ತಟ್ಟೆಯಲ್ಲಿದ್ದದ್ದು. ರಾಣಿಯ ಮುಡಿಯಲ್ಲಿ ಅರಿಶಿನ, ಕುಂಕುಮ, ತುಪ್ಪ, ದೀಪದ ಮಸಿ ಎಲ್ಲ ಸೇರಿ ಗಟ್ಟಿಯಾದ ಕಂದು ಪದರ. ನಮ್ಮ ಕಡೆಯ ಹಳೆಯ ಬೆಳ್ಳಿ ನಾಣ್ಯಗಳಲ್ಲಿ ಇದು ತೀರ ಸಾಮಾನ್ಯ, ಬೇರೆ ದೇಶದವರು ಬರೆದ ಕೈಪಿಡಿಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಅರಿಶಿನದ ಬಣ್ಣ ಅಸಿಟೋನ್‌ನಲ್ಲಿ ತಕ್ಷಣ ಕರಗುತ್ತದೆ, ಎರಡೇ ನಿಮಿಷಕ್ಕೆ ಬಟ್ಟಲು ಹಳದಿ. ಆಮೇಲೆ ನಾಣ್ಯವನ್ನು ಜೈಲೀನ್‌ಗೆ ಹಾಕಿ ಎರಡು ಗಂಟೆ ಮುಚ್ಚಿಟ್ಟಾಗ ತುಪ್ಪದ ಜಿಡ್ಡು ಬಿಟ್ಟಿತು, ಜಿಡ್ಡು ಹಿಡಿದಿಟ್ಟಿದ್ದ ಮಸಿಯೂ ಇಳಿಯಿತು. ಜೈಲೀನ್ ತಾನಾಗಿ ನಿಧಾನ ಆರುವುದರಿಂದ ಮತ್ತೆ ಅಸಿಟೋನ್‌ನಲ್ಲಿ ಎರಡು ಸಲ ಜಾಲಾಡಿಸಿದೆವು. ಕುಂಕುಮದಲ್ಲಿರುವ ಬಿಳಿಪುಡಿ ದ್ರಾವಕಕ್ಕೆ ಕರಗುವ ಜಾತಿಯದಲ್ಲ. ಜಿಡ್ಡು ಹೋದ ಮೇಲೆ ಬ್ಯಾಟರಿ ನೀರಿನಲ್ಲಿ ಒಂದು ಗಂಟೆ ನೆನೆಸಿದಾಗ ಸಡಿಲವಾಗಿ ತಾನೇ ಉದುರಿತು. ನೀರಿನಿಂದ ತೆಗೆದದ್ದೇ ನೇರ ಅಸಿಟೋನ್‌ಗೆ, ಅದು ನೀರನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ.

ಇಷ್ಟಾದರೂ ಅಕ್ಷರಗಳ ಸುತ್ತ ಜೇನುಬಣ್ಣದ ಒಂದು ಗೆರೆ ಉಳಿಯಿತು. ದೀಪದ ಎಣ್ಣೆ ವರ್ಷಗಟ್ಟಲೆ ಗಾಳಿಗೆ ಒಣಗಿ ವಾರ್ನಿಷ್‌ನಂತಾದರೆ ಅದು ಕರಗುವುದಿಲ್ಲ, ದ್ರಾವಕದಲ್ಲಿ ಉಬ್ಬಿ ಮೆತ್ತಗಾಗುತ್ತದೆ ಅಷ್ಟೆ. ಮೆತ್ತಗಿರುವಾಗಲೇ ಹಲ್ಲುಕಡ್ಡಿಯ ತುದಿಯನ್ನು ಕಚ್ಚಿ ನಾರು ಮಾಡಿಕೊಂಡು ತಳ್ಳಿದರೆ ಸ್ವಲ್ಪ ಬರುತ್ತದೆ. ಅರ್ಧ ಬಂದಿತು, ಉಳಿದರ್ಧವನ್ನು ಬಿಟ್ಟೆವು. ಎಲ್ಲಿ ನಿಲ್ಲಿಸಬೇಕು ಎಂಬುದು ಈ ಕೆಲಸದ ಅತಿ ಕಷ್ಟದ ಭಾಗ, ಹಾಳಾದ ನಾಣ್ಯಗಳಲ್ಲಿ ಹೆಚ್ಚಿನವು ಕೊನೆಯ ಐದು ನಿಮಿಷದಲ್ಲಿ ಹಾಳಾದವು.

ತಾಮ್ರಕ್ಕೆ ಎರಡನೆಯ ದಿನ. ಬೆಳ್ಳಿಗೆ ಬಳಸಿದ ಅಸಿಟೋನ್ ಒಂದು ಹನಿಯೂ ಇಲ್ಲಿಗೆ ಬರಬಾರದು, ತಾಮ್ರಕ್ಕೆ ಹೊಸದೇ ಬೇಕು. ನೆನೆಸುವ ಹೊತ್ತೂ ಕಡಿಮೆ, ಬಿಸಿಲಿಗೆ ಇಡದೆ ಒಂದು ಗಂಟೆಯೊಳಗೆ. 1939ರ ಕಾಲಾಣೆಯಲ್ಲಿ ಟಂಕಸಾಲೆಯ ಕೆಂಪು ಇನ್ನೂ ಅರ್ಧ ಉಳಿದಿತ್ತು. ಅದಕ್ಕೆ ಹಳೆಯ ಟೇಪಿನ ಅಂಟು ಬೇರೆ. ಜೈಲೀನ್‌ನಲ್ಲಿ ನಲವತ್ತು ನಿಮಿಷಕ್ಕೆ ಅಂಟು ಹಾಳೆಯಂತೆ ಎದ್ದು ಬಂತು. ಟೇಪ್ ಇದ್ದಲ್ಲಿ ಚೌಕಾಕಾರದ ಕೆಂಪು, ಇಲ್ಲದಲ್ಲಿ ಕಂದು. ಆ ಚೌಕ ಇನ್ನು ಹೋಗುವುದಿಲ್ಲ.

ಪಿ.ವಿ.ಸಿ. ಜಿಡ್ಡು ಕರಗಿದ ಮೇಲೂ ತಾಮ್ರದ ಮೇಲೆ ಕ್ಲೋರೈಡ್ ಲವಣ ಉಳಿದಿರುತ್ತದೆ, ಅದು ಅಸಿಟೋನ್‌ಗೆ ಜಗ್ಗುವುದಿಲ್ಲ. 1862ರ ಕಾಲಾಣೆ ಮತ್ತು ತೂತು ಕಾಸನ್ನು ಬ್ಯಾಟರಿ ನೀರಿನಲ್ಲಿ ಹದಿನೈದು ನಿಮಿಷದಂತೆ ಎರಡು ಸಲ, ನೀರು ಬದಲಿಸಿ ನೆನೆಸಿ, ತಡಮಾಡದೆ ಅಸಿಟೋನ್ ಮೂಲಕ ಒಣಗಿಸಿದೆವು. ತೂತಿನ ಒಳಗೋಡೆ ಆರುವುದು ಕೊನೆಗೆ, ಅಲ್ಲಿಗೆ ಬುರುಡೆಯಿಂದ ಎರಡು ಸಲ ಹೆಚ್ಚು ಊದಬೇಕು. ತೊಳೆದ ತಾಮ್ರದ ಮೇಲೆ ಎಣ್ಣೆಯ ಪಸೆಯೂ ಇರುವುದಿಲ್ಲವಾದ್ದರಿಂದ ಬೆರಳು ತಾಗಿದರೆ ಬೆವರಿನ ಉಪ್ಪು ನೇರ ಲೋಹಕ್ಕೆ ಇಳಿಯುತ್ತದೆ, ಹೆಬ್ಬೆಟ್ಟಿನ ಗುರುತು ಕೆಲವೇ ವಾರದಲ್ಲಿ ಕಂದಾಗಿ ಮೂಡಿ ಅಲ್ಲೇ ನಿಲ್ಲುತ್ತದೆ.

ಇಪ್ಪತ್ತು ಕಾಸಿನ ಮೇಲಿನ ಕನ್ನಡ ಅಕ್ಷರಗಳಲ್ಲಿ ಮಣ್ಣು ತುಂಬಿತ್ತು. ಬ್ಯಾಟರಿ ನೀರಿನಲ್ಲಿ ನೆನೆಸಿ, ಲೆನ್ಸಿನ ಕೆಳಗೆ ಗುಲಾಬಿ ಮುಳ್ಳಿನಿಂದ ಕಣ ಕಣವಾಗಿ ಬಿಡಿಸಿದೆವು. ಮುಳ್ಳು ತಾಮ್ರಕ್ಕಿಂತ ಮೆದು, ಮಣ್ಣಿಗಿಂತ ಗಟ್ಟಿ. ಸೂಜಿ ಬೇಡ. ನಯವಾದ ಕಂದು ಪದರದ ಕೆಳಗೆ ಇನ್ನೂ ಒಳ್ಳೆಯ ನಾಣ್ಯ ಅಡಗಿದೆ ಎಂದು ಕೆರೆಯುವವರಿದ್ದಾರೆ. ಅಕ್ಷರದ ಅಂಚು ಉಳಿದಿರುವುದೇ ಆ ಪದರದಲ್ಲಿ. (ನೆಲ ಅಗೆಯುವಾಗ ಸಿಕ್ಕ ನಾಣ್ಯವಾದರೆ ತೊಳೆಯುವ ಮಾತೇ ಬೇರೆ. 1878ರ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು.)

ಟಿಪ್ಪುವಿನ ಪೈಸೆಯಲ್ಲಿ ಆನೆಯ ಕಾಲಿನ ನಡುವೆ ತಿಳಿಹಸಿರು ಪುಡಿಯ ಎರಡು ಚುಕ್ಕೆ. ಮುಳ್ಳು ತಾಗಿಸಿದರೆ ಉದುರಿತು, ಕೆಳಗೆ ಕುಳಿ. ಇದನ್ನು ಕಂಚಿನ ರೋಗ ಎನ್ನುತ್ತಾರೆ, ಶುದ್ಧ ತಾಮ್ರಕ್ಕೂ ಬರುತ್ತದೆ. ಒಳಗೆ ಅವಿತ ತಾಮ್ರದ ಕ್ಲೋರೈಡ್ ಗಾಳಿ ಮತ್ತು ತೇವ ಸಿಕ್ಕಾಗ ಆಮ್ಲ ಹುಟ್ಟಿಸುತ್ತದೆ, ಆಮ್ಲ ಮತ್ತಷ್ಟು ತಾಮ್ರ ತಿಂದು ಮತ್ತೆ ಕ್ಲೋರೈಡ್ ಆಗುತ್ತದೆ. ಚಕ್ರ ನಿಲ್ಲುವುದು ತೇವ ಇಲ್ಲದಾಗ ಮಾತ್ರ. ಅಸಿಟೋನ್‌ಗೆ ಇದರ ಮೇಲೆ ಅಧಿಕಾರವಿಲ್ಲ. ಮ್ಯೂಸಿಯಂಗಳಲ್ಲಿ ಸೋಡಿಯಂ ಸೆಸ್ಕ್ವಿಕಾರ್ಬೊನೇಟ್‌ನ ಶೇ. 5ರ ದ್ರಾವಣದಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ನೆನೆಸುತ್ತಾರೆ, ಇಲ್ಲವೇ ತಾಮ್ರದ ಸವೆತ ತಡೆಯುವ ಬೆಂಜೊಟ್ರಯಜೋಲ್ ಲೇಪಿಸುತ್ತಾರೆ. ಮೊದಲನೆಯದರಿಂದ ನಾಣ್ಯದ ಬಣ್ಣ ಬದಲಾಗಬಹುದು, ಎರಡನೆಯದು ಮನೆಯಲ್ಲಿ ಮುಟ್ಟುವ ವಸ್ತುವಲ್ಲ. ಪುಡಿ ಬಿಡಿಸಿ, ಅಸಿಟೋನ್‌ನಲ್ಲಿ ತೇವ ತೆಗೆದು, ತೇವ ಹೀರುವ ಸಿಲಿಕಾ ಜೆಲ್ ಇರುವ ಗಾಳಿಯಾಡದ ಗಾಜಿನ ಡಬ್ಬಿಯಲ್ಲಿ ಒಂಟಿಯಾಗಿ ಇಟ್ಟೆವು.

ಉಳಿದ ಲೋಹಗಳಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ. 1947ರ ರೂಪಾಯಿ ಶುದ್ಧ ನಿಕ್ಕಲ್, ಆಯಸ್ಕಾಂತಕ್ಕೆ ಹಾರಿ ಅಂಟುತ್ತದೆ. 1975ರದು ಅಂಟುವುದಿಲ್ಲ. ಎರಡೂ ಬೆಳ್ಳಿಯ ದಾರಿಯಲ್ಲೇ ಮೂರು ಬಟ್ಟಲು ದಾಟಿದವು. ಕಮಲದ 20 ಪೈಸೆ ನಿಕ್ಕಲ್ ಹಿತ್ತಾಳೆ. ಅಸಿಟೋನ್‌ಗೆ ಏನೂ ಆಗುವುದಿಲ್ಲ, ಆದರೆ ಹುಣಸೆಹಣ್ಣು ಕಂಡ ಇಪ್ಪತ್ತು ಪೈಸೆಗಳನ್ನು ಸಂತೆಯಲ್ಲಿ ದೂರದಿಂದಲೇ ಗುರುತಿಸಬಹುದು: ಹುಳಿಗೆ ಸತು ಕರಗಿ ತಾಮ್ರ ಮೇಲೆ ಉಳಿದು ನಾಣ್ಯ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಸ್ಟೀಲ್ 25 ಪೈಸೆಗೆ ನೀರು ತೋರಿಸಲೇ ಇಲ್ಲ.

ಅಲ್ಯೂಮಿನಿಯಂ ಸಾದಾ ನಾಣ್ಯ, ಬೆಲೆಯೂ ಕಡಿಮೆ, ಆದರೆ ಎಲ್ಲಕ್ಕಿಂತ ನಾಜೂಕು ಅದೇ. ಮೂರು ಪೈಸೆ ಸುಮಾರು ಒಂದೂಕಾಲು ಗ್ರಾಂ, ಉಗುರು ಜಾರಿದರೂ ಗೆರೆ ಬೀಳಬಹುದು. ಬಟ್ಟಲಿನಲ್ಲಿ ಮೇಲಿಂದ ಬೆಳ್ಳಿ ರೂಪಾಯಿ ಜಾರಿಬಿದ್ದರೆ ಮುಗಿಯಿತು, ಆದ್ದರಿಂದ ಒಂದು ಬಟ್ಟಲಿಗೆ ಒಂದೇ ನಾಣ್ಯ. ಬಟ್ಟೆಸೋಡ, ಪಾತ್ರೆಪುಡಿಯಂಥ ಕ್ಷಾರಗಳು ಅಲ್ಯೂಮಿನಿಯಂ ಅನ್ನು ಕಪ್ಪಗೆ ಮಾಡಿ ತಿನ್ನುತ್ತವೆ. ಕ್ಲೋರಿನ್ ಇರುವ ದ್ರಾವಕಗಳು, ಅಂದರೆ ಟ್ರೈಕ್ಲೋರೋಎಥಿಲೀನ್, ಪೇಂಟ್ ಕೀಳುವ ಕೆಲವು ದ್ರವಗಳಲ್ಲಿರುವ ಡೈಕ್ಲೋರೋಮೀಥೇನ್, ಅಲ್ಯೂಮಿನಿಯಂ ಜೊತೆ ಕೆಲವೊಮ್ಮೆ ಉಗ್ರವಾಗಿ ಕೆರಳುತ್ತವೆ. 10 ಪೈಸೆಯ ಒಂದು ಮುಖದಲ್ಲಿ ಬಿಳಿ ಪುಡಿಯ ಗುಳ್ಳೆಗಳು ಇದ್ದವು, ಅವು ಹಾಗೇ ಉಳಿದವು.

ಕಂಠೀರಾಯ ಹಣ ಒಂದು ಗ್ರಾಂನ ಮೂರನೇ ಒಂದು ಭಾಗದಷ್ಟು, ನರಸಿಂಹನ ರೂಪ ಲೆನ್ಸಿಲ್ಲದೆ ಕಾಣದು. ಚಿನ್ನಕ್ಕೆ ದ್ರಾವಕದ ಭಯವಿಲ್ಲ, ಭಯವೆಲ್ಲ ಕಳೆದುಹೋಗುವುದರದ್ದು. ಟೀ ಸೋಸುವ ಸ್ಟೀಲ್ ಜಾಲರಿಯಲ್ಲಿಟ್ಟು ಅದ್ದಿ ತೆಗೆದೆವು, ರಬ್ಬರ್ ಬುರುಡೆಯನ್ನು ಹತ್ತಿರವೂ ತರಲಿಲ್ಲ. ಹಣ ಅಥವಾ ವರಾಹ ಕಾಸಿನ ಸರದಿಂದ ಬಂದದ್ದಾದರೆ ಸರಕ್ಕೆ ಪೋಣಿಸುವ ಕೊಂಡಿಯ ಜಾಗದಲ್ಲಿ, ಕುಂದಣದ ಕೆಳಗೆ ಅರಗು ತುಂಬಿದೆಯೇ ನೋಡಬೇಕು. ಸ್ಪಿರಿಟ್‌ಗೆ ಅರಗು ಕರಗುತ್ತದೆ, ಅಂಥದನ್ನು ದ್ರಾವಕದಲ್ಲಿ ಮುಳುಗಿಸಲೇಬಾರದು.

ಕೊಳೆಯಾದ ಅಸಿಟೋನ್ ಮತ್ತು ಜೈಲೀನ್ ಮೋರಿಗೆ ಹೋಗಲಿಲ್ಲ. ಬೇರೆ ಬೇರೆ ಗಾಜಿನ ಬಾಟಲಿಗಳಲ್ಲಿ ಹೆಸರು ಬರೆದು ಮುಚ್ಚಿದ್ದು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಲು ಇಟ್ಟಿದೆ. ಹತ್ತಿ, ಕಡ್ಡಿಗಳನ್ನು ತಾರಸಿಯಲ್ಲೇ ಪೂರ್ತಿ ಒಣಗಿಸಿ ಆಮೇಲೆ ಕಸಕ್ಕೆ.

ತೊಳೆದ ನಾಣ್ಯವನ್ನು ಹಳೆಯ ಆಲ್ಬಮ್‌ಗೇ ಹಿಂದಿರುಗಿಸುವವರಿದ್ದಾರೆ ಎಂದರೆ ನಂಬಬೇಕು. ಹೊಸ ಜೇಬುಗಳನ್ನೂ ಪರೀಕ್ಷಿಸಿಯೇ ಬಳಸಿದೆವು. ದ್ರಾವಕಗಳನ್ನೆಲ್ಲ ಒಳಗಿಟ್ಟು ಬೀಗ ಹಾಕಿದ ಮೇಲೆ, ಹೊರಗೆ, ತಾಮ್ರದ ತಂತಿಯನ್ನು ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ಪ್ಲಾಸ್ಟಿಕ್ಕಿನ ಚೂರಿಗೆ ತಾಗಿಸಿ ಮತ್ತೆ ಜ್ವಾಲೆಗೆ ಹಿಡಿಯುವುದು. ಜ್ವಾಲೆ ಹಸಿರಾದರೆ ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಇದೆ, ಅಂದರೆ ಪಿ.ವಿ.ಸಿ. ಆ ಹೊಗೆ ಮೂಗಿಗೆ ಬರದಂತೆ ಗಾಳಿ ಬೀಸಿ ಬರುವ ಕಡೆ ನಿಲ್ಲಬೇಕು. ತಂದ ಎರಡು ಬಗೆಯ ಜೇಬುಗಳಲ್ಲಿ ಒಂದು ಹಸಿರು ಉರಿಯಿತು, ಅದು ಬುಟ್ಟಿಗೆ. ಇನ್ನೊಂದು ಗಡುಸಾದ, ಮಡಿಚಿದರೆ ಚರಚರ ಎನ್ನುವ ಪಿ.ಇ.ಟಿ. ಹಾಳೆ, ಕ್ಲೋರಿನ್ ಇಲ್ಲದ ಪ್ಲಾಸ್ಟಿಕ್. ನಾಣ್ಯಗಳು ಅದರಲ್ಲಿ ಕೂತವು, ಜೊತೆಗೆ ಡಬ್ಬಿಗೆ 50 ಗ್ರಾಂ ನೀಲಿ ಸಿಲಿಕಾ ಜೆಲ್.

ಮೂರು ವಾರ ಬಿಟ್ಟು ಎಲ್ಲವನ್ನೂ ಮತ್ತೆ ಲೆನ್ಸಿನ ಕೆಳಗೆ ನೋಡಿದೆವು. ತೂಕದಲ್ಲಿ ವ್ಯತ್ಯಾಸ ಕಂಡದ್ದು ವಿಕ್ಟೋರಿಯಾ ರೂಪಾಯಿಗೆ ಮಾತ್ರ: 11.61 ಇದ್ದದ್ದು 11.54 ಗ್ರಾಂ, ಆ 0.07 ಗ್ರಾಂ ತುಪ್ಪ ಮಸಿಯದು. 1944ರ ರೂಪಾಯಿಯ ಅಂಚಿನಲ್ಲಿ ಹಸಿರು ಒಂದು ಕಡೆ ಮತ್ತೆ ಮಿನುಗಿತು, ಅದನ್ನು ಇನ್ನೊಂದು ರಾತ್ರಿ ಅಸಿಟೋನ್‌ಗೆ ಹಾಕಿದೆವು. ಟಿಪ್ಪುವಿನ ಪೈಸೆಯ ಎರಡು ಚುಕ್ಕೆಗಳಲ್ಲಿ ಒಂದು ಸುಮ್ಮನಿದೆ, ಇನ್ನೊಂದರ ಬುಡದಲ್ಲಿ ಸಾಸಿವೆಯ ಕಾಲುಭಾಗದಷ್ಟು ಪುಡಿ. ಸಿಲಿಕಾ ಜೆಲ್ ಗುಲಾಬಿಗೆ ತಿರುಗಿತ್ತು. ಬಿಸಿ ಮಾಡಿ ನೀಲಿಗೆ ತಂದು ಡಬ್ಬಿಗೆ ಮತ್ತೆ ಹಾಕಿದ್ದೇವೆ, ಮಳೆಗಾಲ ಕಳೆಯುವವರೆಗೆ ಆ ಪೈಸೆ ಬೇರೆ ನಾಣ್ಯಗಳ ಜೊತೆ ಸೇರುವುದಿಲ್ಲ.